ಮೊಲೊಕಾಯ್ ದ್ವೀಪದ ಫಾದರ್ ಡೇಮಿಯನ್

ದೊಡ್ಡವರ ಜೀವನವನ್ನು ಬರೆಯುವಾಗ ಅವರ ಗ್ರಂಥಗಳಿಂದಲೋ ಭಾಷಣಗಳಿಂದಲೋ ತೊಡಗುವುದು ವಾಡಿಕೆ. ನಾನು ಬರೆಯಹೊರಟಿರುವ ಫಾದರ್ ಡೇಮಿಯನ್ನರು ಗ್ರಂಥಕರ್ತರೆಂದಾಗಲಿ ವಾಗ್ಮಿಗಳೆಂದಾಗಲಿ ಹೆಸರಾದವರಲ್ಲ. ಅವರನ್ನು ಅರಿಯಬೇಕಾದರೆ ಅವರ ಕೈಗಳು ಮಾಡಿದ ಕೆಲಸವನ್ನು ನೋಡಬೇಕು.

ಅವರು 1840ರ ಜನವರಿ 3ರಂದು ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದರು. ಅಣ್ಣ ಪಾಂಫಿಲ್ ಸೇರಿದ್ದ ಕ್ಯಾಥೊಲಿಕ್ ಸಂನ್ಯಾಸಿ ಸಂಘವನ್ನೇ 1859ರಲ್ಲಿ ತಾವೂ ಸೇರಿದರು. ಓದು ಸಾಲದೆಂದು ಹಿರಿಯರು ಮೊದಲು ಅವರನ್ನು ಪಾದ್ರಿಯ ಶಿಕ್ಷಣಕ್ಕೆ ತೆಗೆದುಕೊಳ್ಳಲಿಲ್ಲ. ಅಣ್ಣನಿಂದ ಲ್ಯಾಟಿನ್ ಕಲಿತು ಆ ಅರ್ಹತೆಯನ್ನು ಸಂಪಾದಿಸಿದರು. ಹವಾಯಿ ದ್ವೀಪಗಳಿಗೆ ಹೊರಡಬೇಕಾಗಿದ್ದ ಅಣ್ಣ ಜ್ವರದಿಂದ ಮಲಗಿದಾಗ, ಆತನ ಬದಲು ತಮ್ಮನ್ನು ಕಳುಹಿಸಬೇಕೆಂದು ಬೇಡಿಕೊಂಡು ಹಡಗು ಹತ್ತಿದರು. 1864ರ ಮಾರ್ಚ್ ತಿಂಗಳಲ್ಲಿ ಹೊನೊಲುಲು ತಲುಪಿ, ಅದೇ ವರ್ಷ ಗುರುದೀಕ್ಷೆ ಪಡೆದರು.

ಆಗ ಹವಾಯಿ ಒಂದು ಸ್ವತಂತ್ರ ರಾಜ್ಯ. ಅಲ್ಲಿ ಕುಷ್ಠರೋಗ ಹರಡುತ್ತಿತ್ತು. 1865ರ ಕಾನೂನಿನಂತೆ ರೋಗಿಗಳನ್ನು ಮನೆಮಕ್ಕಳಿಂದ ಬೇರ್ಪಡಿಸಿ ಮೊಲೊಕಾಯ್ ದ್ವೀಪದ ಕಲವಾವೊ ಎಂಬಲ್ಲಿಗೆ ಸಾಗಿಸತೊಡಗಿದರು. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ ಗೋಡೆಯಂತೆ ಎದ್ದು ನಿಂತ ಬೆಟ್ಟ. ಹೋದವರು ಮರಳುವ ಮಾತಿರಲಿಲ್ಲ. ರೋಗದ ಸೂಕ್ಷ್ಮಜೀವಿಯನ್ನು ನಾರ್ವೆಯ ಹಾನ್ಸೆನ್ ಕಂಡುಹಿಡಿದದ್ದೇ 1873ರಲ್ಲಿ. ಗುಣಪಡಿಸುವ ಔಷಧ ಬಂದದ್ದು 1940ರ ದಶಕದಲ್ಲಿ.

ಆ 1873ರ ಮೇ 10ರಂದು ಡೇಮಿಯನ್ನರು ಕಲವಾವೊಕ್ಕೆ ಬಂದಿಳಿದರು. ನಾಲ್ವರು ಪಾದ್ರಿಗಳು ಸರದಿಯಂತೆ ಹೋಗಿಬರಲಿ ಎಂಬುದು ಬಿಷಪ್ಪರ ಏರ್ಪಾಡಾಗಿತ್ತು. ಮೊದಲ ಸರದಿಗೆ ಹೋದ ಡೇಮಿಯನ್ನರು ಅಲ್ಲಿಯೇ ಉಳಿದುಬಿಟ್ಟರು. ಮೊದಲ ರಾತ್ರಿಗಳಲ್ಲಿ ಕೇದಗೆಯ ಜಾತಿಯ ಒಂದು ಮರದ ಅಡಿಯಲ್ಲಿ ಮಲಗಿದರು. ಬೆಳಗಾದರೆ ಗರಗಸ, ಸುತ್ತಿಗೆ ಹಿಡಿದರು. ರೋಗಿಗಳೊಡನೆ ಸೇರಿ ಮನೆಗಳನ್ನು ಕಟ್ಟಿದರು, ಇಗರ್ಜಿಯನ್ನು ದೊಡ್ಡದು ಮಾಡಿದರು, ಕೊಳವೆ ಹಾಕಿ ಕಣಿವೆಯ ನೀರನ್ನು ಊರಿಗೆ ತಂದರು. ಹುಣ್ಣುಗಳನ್ನು ತೊಳೆದು ಪಟ್ಟಿ ಕಟ್ಟಿದರು. ಸತ್ತವರಿಗೆ ಶವಪೆಟ್ಟಿಗೆ ಮಾಡಿ, ಗುಂಡಿ ತೋಡಿ, ಪ್ರಾರ್ಥನೆ ಹೇಳಿ ಮಣ್ಣು ಮಾಡಿದರು.

ಈ ಭಾಗವನ್ನು ಓದುವಾಗ ನನಗೆ ನಮ್ಮ ಮನೆಯ ನೆನಪಾಯಿತು. ನಮ್ಮ ತಂದೆಯವರು ಬಡಗಿಗಳು. ವಂಶದಲ್ಲಿ ಬಿ.ಎ. ತರಗತಿಯ ಬೆಂಚಿನ ಮೇಲೆ ಕುಳಿತವನು ನಾನೇ ಮೊದಲಿಗ. ಪುಸ್ತಕ ಹಿಡಿದ ಕೈ ಇನ್ನು ಉಳಿ ಬಾಚಿ ಹಿಡಿಯಬಾರದೆಂದು ನೆಂಟರಿಷ್ಟರು ಹೇಳುತ್ತಾರೆ. ಪದವಿಯೆಂದರೆ ಮೇಲೇರುವುದು, ಏರಿದವನು ಕೆಳಗೆ ನೋಡಬಾರದು ಎಂಬ ಭಾವನೆ ಅದರಲ್ಲಿದೆ. ಡೇಮಿಯನ್ನರ ಜೀವನವನ್ನು ತಿಳಿದ ಮೇಲೆ ಈ ಮಾತನ್ನು ನಾನು ಒಪ್ಪಲಾರೆ.

ವಿನಯವೆಂದರೆ ಎತ್ತರದಲ್ಲಿ ನಿಂತು ಸ್ವಲ್ಪ ಬಾಗುವುದೆಂದು ನಾವು ತಿಳಿಯುತ್ತೇವೆ. ಯೇಸುಸ್ವಾಮಿ ಕೊನೆಯ ಭೋಜನದ ರಾತ್ರಿ ನೆಲಕ್ಕೆ ಬಾಗಿ ಶಿಷ್ಯರ ಕಾಲು ತೊಳೆದರೆಂದು ಯೋಹಾನನ ಸುವಾರ್ತೆ ತಿಳಿಸುತ್ತದೆ. ಅದನ್ನು ಡೇಮಿಯನ್ನರು ಅಕ್ಷರಶಃ ಬಾಳಿದರು. ರೋಗಿಗಳೊಡನೆ ಕುಳಿತು, ಕೆಸವಿನ ಗೆಡ್ಡೆಯ ಹಿಟ್ಟನ್ನು ಅವರ ಪಾತ್ರೆಯಲ್ಲಿಯೇ ಕೈಯಿಟ್ಟು ತಿಂದರು. ತಾವು ಉಪದೇಶ ಮಾಡುವಾಗ ಕುಷ್ಠರೋಗಿಗಳಾದ ನಾವು ಎಂದೇ ಹೇಳುವುದಾಗಿ, ಬಂದ ವರ್ಷವೇ ಅಣ್ಣನಿಗೆ ಬರೆದರು. ರೋಗ ತಗಲಿದ್ದು ಅನಂತರ. ನಾವು ಎಂಬ ಪದ ಬಂದದ್ದು ಮೊದಲು.

ಅದೇ ವರ್ಷದ ಇನ್ನೊಂದು ಪ್ರಸಂಗವಿದೆ. ಸಂಘದ ಹಿರಿಯರೊಬ್ಬರು ಹಡಗಿನಲ್ಲಿ ಬಂದಾಗ ಕಪ್ತಾನನು ಅವರನ್ನು ಇಳಿಯಗೊಡಲಿಲ್ಲ, ಡೇಮಿಯನ್ನರನ್ನು ಹತ್ತಗೊಡಲಿಲ್ಲ. ಡೇಮಿಯನ್ನರು ದೋಣಿಯಲ್ಲಿ ನಿಂತು, ತಮ್ಮ ಪಾಪನಿವೇದನೆಯನ್ನು ಫ್ರೆಂಚ್ ಭಾಷೆಯಲ್ಲಿ ಎಲ್ಲರ ಎದುರಿಗೆ ಗಟ್ಟಿಯಾಗಿ ಕೂಗಿ ಹೇಳಿದರು.

1884ರ ಕೊನೆಗೆ ಒಂದು ದಿನ ಕುದಿನೀರಿನಲ್ಲಿ ಕಾಲಿಟ್ಟಾಗ ಚರ್ಮ ಬೊಬ್ಬೆಯೆದ್ದಿತು, ಆದರೆ ನೋವಾಗಲಿಲ್ಲ. ಸ್ಪರ್ಶ ಹೋಗುವುದು ಆ ರೋಗದ ಲಕ್ಷಣ. ಮುಂದಿನ ವರ್ಷ ವೈದ್ಯರು ಅದನ್ನು ದೃಢಪಡಿಸಿದರು. ಆಮೇಲೂ ಅವರು ಕೆಲಸ ನಿಲ್ಲಿಸಲಿಲ್ಲ. 1886ರಲ್ಲಿ ಜೋಸೆಫ್ ಡಟನ್, 1888ರಲ್ಲಿ ಮದರ್ ಮೇರಿಯಾನ್ ಕೋಪ್ ನೆರವಿಗೆ ಬಂದರು. 1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ, ಡೇಮಿಯನ್ನರು ತೀರಿಕೊಂಡರು.

ಅವರಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಹಟದ ಸ್ವಭಾವ, ಬೇಗ ಬರುವ ಕೋಪ. ಮೇಲಿನವರೊಡನೆ ಆಗಾಗ ವಿರಸ. ಅವರು ಸತ್ತ ಮೇಲೆ ಹೊನೊಲುಲುವಿನ ಬೋಧಕರೊಬ್ಬರು ಅವರನ್ನು ನಿಂದಿಸಿ ಬರೆದರು. ‘ಟ್ರೆಷರ್ ಐಲೆಂಡ್’ ಕಾದಂಬರಿಯ ಕರ್ತೃ ಸ್ಟೀವನ್‌ಸನ್ ಕಲವಾವೊವನ್ನು ಸ್ವತಃ ಕಂಡುಬಂದಿದ್ದವರು. 1890ರಲ್ಲಿ ಬಹಿರಂಗ ಪತ್ರ ಬರೆದು, ಡೇಮಿಯನ್ನರ ಒರಟುತನವನ್ನು ಮರೆಮಾಚದೆಯೇ ಅವರ ಹಿರಿಮೆಯನ್ನು ಎತ್ತಿಹಿಡಿದರು. ಕುಂದುಳ್ಳ ಮನುಷ್ಯನೂ ಇಷ್ಟು ಮಾಡಬಲ್ಲನೆಂಬುದು ನಮ್ಮಂಥವರಿಗೆ ಧೈರ್ಯದ ಮಾತು.

ಮೊದಲು ಮಲಗಿದ್ದ ಮರದ ಕೆಳಗೇ ಅವರ ಸಮಾಧಿಯಾಯಿತು. 1936ರಲ್ಲಿ ದೇಹವನ್ನು ಬೆಲ್ಜಿಯಂಗೆ ಒಯ್ದರು. 2009ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಅದಕ್ಕೂ ಮುಂಚೆ, 1995ರಲ್ಲಿ, ಅವರ ಬಲಗೈಯ ಅವಶೇಷವನ್ನು ಕಲವಾವೊಕ್ಕೆ ಮರಳಿ ತಂದು ಹಳೆಯ ಸಮಾಧಿಯಲ್ಲಿಯೇ ಇಟ್ಟರು. ಮೊಳೆ ಹೊಡೆದ, ಹುಣ್ಣು ತೊಳೆದ, ಗುಂಡಿ ತೋಡಿದ ಕೈ ಅದು. ತಾನು ದುಡಿದ ನೆಲದಲ್ಲಿ, ತನ್ನವರ ನಡುವೆ ಈಗ ಅದು ವಿಶ್ರಮಿಸುತ್ತಿದೆ.