ಕೊಡಗಿನ ಕೊನೆಯ ಅರಸ ಮತ್ತು ಎರಡು ಪ್ರಾಮಿಸರಿ ನೋಟು

ಮೈಸೂರು ಕಡೆಯಿಂದ ದುಬಾರೆ ಆನೆ ಶಿಬಿರಕ್ಕೆ ಹೋಗುವವರಿಗೆ ಕೊಡಗಿನಲ್ಲಿ ಮೊದಲು ಸಿಗುವ ದೊಡ್ಡ ಊರು ಕುಶಾಲನಗರ. ಅದರ ಹಳೆಯ ಹೆಸರು ಫ್ರೇಸರ್‌ಪೇಟೆ. 1834ರಲ್ಲಿ ಕೊಡಗನ್ನು ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ತೆಗೆದುಕೊಂಡ ಕರ್ನಲ್ ಫ್ರೇಸರ್ ಹೆಸರು ಅದು. ಆಗ ಪಟ್ಟ ಕಳೆದುಕೊಂಡ ಚಿಕ್ಕವೀರರಾಜೇಂದ್ರನ ಬಗ್ಗೆ ಮಾಸ್ತಿಯವರ ಕಾದಂಬರಿಯಿಂದ ನಮಗೆಲ್ಲ ಗೊತ್ತು. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಹೆಚ್ಚು ಹಿಡಿಸಿದ್ದು ಆತ ಲಂಡನ್ನಿನಲ್ಲಿ ಹೂಡಿದ ಹಣದ ದಾವೆ.

ಆತ 1820ರಲ್ಲಿ ಪಟ್ಟಕ್ಕೆ ಬಂದ. ಕ್ರೂರಿ ಎಂಬ ಹೆಸರೂ ಬಂತು. ಯುದ್ಧದ ನಂತರ ಕಂಪನಿ ಆತನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳುಹಿಸಿತು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ವಿಕ್ಟೋರಿಯಾ ರಾಣಿ ಆ ಹುಡುಗಿಯ ಧರ್ಮಮಾತೆಯಾದಳು. ಅರಸ ಮಾತ್ರ ಚಾನ್ಸರಿ ಕೋರ್ಟಿನ ಮೆಟ್ಟಿಲು ಹತ್ತಿದ. ಕಂಪನಿಯೇ ಬರೆದುಕೊಟ್ಟಿದ್ದ ಎರಡು ಪ್ರಾಮಿಸರಿ ನೋಟುಗಳನ್ನು ಯುದ್ಧದಲ್ಲಿ ಕಂಪನಿಯೇ ವಶಪಡಿಸಿಕೊಂಡಿತ್ತು. ಸಾಲ ಮಾಡಿದವನೇ ಸಾಲಪತ್ರ ಕಿತ್ತುಕೊಂಡಂತೆ! ಆ ಹಣ ಕೊಡಿಸಿ ಎಂಬುದು ಆತನ ಬೇಡಿಕೆ.

ಇದೇ ಹೊತ್ತಿಗೆ ತಂಜಾವೂರಿನ ರಾಣಿಯೊಬ್ಬರು ಕಂಪನಿಯ ಮೇಲೆ ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದರು. ಕಂಪನಿಯ ಪರವಾಗಿ ಅಪೀಲು ಪ್ರಿವಿ ಕೌನ್ಸಿಲಿಗೆ ಹೋಯಿತು. 1859ರಲ್ಲಿ ಆ ತೀರ್ಪು ರದ್ದಾಯಿತು. ಕಂಪನಿ ಮಾಡಿದ್ದು ನ್ಯಾಯವೇ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. ರಾಜ್ಯ ವಶಪಡಿಸಿಕೊಳ್ಳುವುದು ಪ್ರಭುತ್ವದ ಕೆಲಸ, ಅದನ್ನು ವಿಚಾರಿಸುವ ಅಧಿಕಾರ ಕೆಳಗಿನ ಕೋರ್ಟಿಗೆ ಇರಲಿಲ್ಲ ಎಂದಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಅರಸ ಲಂಡನ್ನಿನಲ್ಲಿ ತೀರಿಕೊಂಡ. 1860ರಲ್ಲಿ ಆತನ ದಾವೆಗೂ ಇದೇ ಗತಿಯಾಯಿತು.

ನಮ್ಮ ಮಾಮೂ ಅವರ ಅಂಗಡಿ ಬಾಡಿಗೆಯ ಕೇಸು ಅಪೀಲಿಗೆ ಹೋದಾಗ, ಎಲ್ಲವೂ ಮೊದಲಿನಿಂದ ನಡೆಯುತ್ತದೆ ಎಂದು ಮನೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಹಾಗಲ್ಲ. ಮೇಲಿನ ಕೋರ್ಟು ಸಾಮಾನ್ಯವಾಗಿ ಹೊಸ ಸಾಕ್ಷ್ಯ ತೆಗೆದುಕೊಳ್ಳುವುದಿಲ್ಲ. ಕೆಳಗಿನ ಕೋರ್ಟಿಗೆ ಅಧಿಕಾರ ಇತ್ತೇ, ಕಾನೂನನ್ನು ಸರಿಯಾಗಿ ಅನ್ವಯಿಸಿದೆಯೇ, ದಾಖಲೆಯಲ್ಲಿರುವ ಸಾಕ್ಷ್ಯಕ್ಕೆ ತೀರ್ಪು ಹೊಂದುತ್ತದೆಯೇ ಎಂದು ನೋಡುತ್ತದೆ. ಎಲ್ಲವೂ ಸರಿಯಿದ್ದರೆ ತೀರ್ಪನ್ನು ಎತ್ತಿಹಿಡಿಯುತ್ತದೆ. ಎರಡನೇ ಅಪೀಲಿನಲ್ಲಂತೂ ಹೈಕೋರ್ಟು ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ ಮಾತ್ರ ಕೇಳುತ್ತದೆ. ಆದ್ದರಿಂದ ನಮ್ಮ ರಸೀದಿ, ಕರಾರುಪತ್ರಗಳನ್ನೆಲ್ಲ ಮೊದಲ ಕೋರ್ಟಿನಲ್ಲೇ ಹಾಜರುಪಡಿಸಬೇಕು.

ಅರಸನ ಕೈಯಲ್ಲಿ ಒಳ್ಳೆಯ ಲೆಕ್ಕವಿತ್ತು, ಕೇಳುವ ಕೋರ್ಟು ಇರಲಿಲ್ಲ. ಇಂದು ನಮ್ಮ ಸಂವಿಧಾನದ 300ಎ ವಿಧಿಯ ಪ್ರಕಾರ ಕಾನೂನಿನ ಆಧಾರವಿಲ್ಲದೆ ಸರ್ಕಾರ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಕೊಡಗಿನ ಸಣ್ಣ ರೈತನೂ ಹೈಕೋರ್ಟಿಗೆ ಹೋಗಬಹುದು. ಗಡುವು ಮಾತ್ರ ಮರೆಯಬಾರದು. ಸಿವಿಲ್ ತೀರ್ಪಿನ ಮೇಲೆ ಜಿಲ್ಲಾ ಕೋರ್ಟಿಗೆ ಅಪೀಲು ಹಾಕಲು 30 ದಿನ, ಹೈಕೋರ್ಟಿಗೆ 90 ದಿನ.