ಸಾವಿರ ಮುಖಗಳ ನಟ ಲಾನ್ ಚೇನಿ

ಚಲನಚಿತ್ರಕ್ಕೆ ಇನ್ನೂ ಮಾತು ಬಂದಿರದ ಕಾಲದಲ್ಲಿ ಮುಖಭಾವ ಮತ್ತು ಅಂಗಾಭಿನಯದಿಂದಲೇ ಕಥೆ ಹೇಳಿ ಜಗತ್ತನ್ನು ಬೆರಗುಗೊಳಿಸಿದವನು ಅಮೆರಿಕದ ನಟ ಲಾನ್ ಚೇನಿ. ಈ ವಿದ್ಯೆಯನ್ನು ಅವನು ಕಲಿತದ್ದು ನಾಟಕ ಶಾಲೆಯಲ್ಲಿ ಅಲ್ಲ, ತನ್ನ ಮನೆಯಲ್ಲಿ.

ಚೇನಿ 1883ರ ಏಪ್ರಿಲ್ 1ರಂದು ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಜನಿಸಿದ. ತಂದೆ ಕ್ಷೌರಿಕ. ತಂದೆ ತಾಯಿ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ತಾಯಿಯ ತಂದೆ 1874ರಲ್ಲಿ ಅದೇ ರಾಜ್ಯದಲ್ಲಿ ಕಿವುಡ ಮಕ್ಕಳಿಗಾಗಿ ಶಾಲೆ ತೆರೆದವರು. ಚೇನಿ ಚಿಕ್ಕವನಿರುವಾಗಲೇ ತಾಯಿ ಸಂಧಿವಾತದಿಂದ ಹಾಸಿಗೆ ಹಿಡಿದರು. ಅವರ ಆರೈಕೆಗಾಗಿ ಹುಡುಗ ಶಾಲೆ ಬಿಡಬೇಕಾಯಿತು. ಹೊರಗಿನ ಸಮಾಚಾರವನ್ನೆಲ್ಲ ಅವನು ತಾಯಿಗೆ ಸನ್ನೆಯಿಂದ, ಅಭಿನಯದಿಂದ ತಿಳಿಸುತ್ತಿದ್ದ. ಆ ತಾಯಿಯೇ ಅವನ ಮೊದಲ ಪ್ರೇಕ್ಷಕಿ.

ಮುಂದೆ ಊರಿನ ರಂಗಮಂದಿರದಲ್ಲಿ ಪರದೆ, ಸಾಮಾನು ಸಾಗಿಸುವ ಕೆಲಸಕ್ಕೆ ಸೇರಿ, ಊರೂರು ಸುತ್ತುವ ನಾಟಕ ಕಂಪನಿಗಳಲ್ಲಿ ನಟನಾದ. ಸುಮಾರು 1913ರಲ್ಲಿ ಯೂನಿವರ್ಸಲ್ ಸ್ಟುಡಿಯೊ ಸೇರಿ, ಐದಾರು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ. ಸಂಬಳ ಹೆಚ್ಚಿಸಲು ಕೇಳಿದಾಗ ಸ್ಟುಡಿಯೊದವರು ಒಪ್ಪಲಿಲ್ಲ. ಸಾಕಬೇಕಾದ ಮಗನಿದ್ದರೂ ಧೈರ್ಯ ಮಾಡಿ ಹೊರಬಂದ.

1919ರ ‘ದಿ ಮಿರಾಕಲ್ ಮ್ಯಾನ್’ ಚಿತ್ರದಲ್ಲಿ ಅಂಗವಿಕಲನಂತೆ ನಟಿಸುವ ಮೋಸಗಾರನ ಪಾತ್ರ ಅವನಿಗೆ ಹೆಸರು ತಂದಿತು. 1920ರ ‘ದಿ ಪೆನಾಲ್ಟಿ’ಯಲ್ಲಿ ಕಾಲಿಲ್ಲದವನ ಪಾತ್ರಕ್ಕಾಗಿ ಎರಡೂ ಕಾಲುಗಳನ್ನು ಹಿಂದಕ್ಕೆ ಮಡಚಿ ಬಿಗಿಯಾಗಿ ಕಟ್ಟಿಕೊಂಡು, ನೋವು ನುಂಗಿ ಮೊಣಕಾಲಿನ ಮೇಲೆ ನಡೆದ. ಒಮ್ಮೆ ಬಿಟ್ಟುಬಂದಿದ್ದ ಯೂನಿವರ್ಸಲ್ ಸಂಸ್ಥೆಯೇ 1923ರಲ್ಲಿ ‘ದಿ ಹಂಚ್‌ಬ್ಯಾಕ್ ಆಫ್ ನಾಟರ್ ಡೇಮ್’ ಚಿತ್ರದ ಗೂನುಬೆನ್ನಿನ ಕ್ವಾಸಿಮೊಡೊ ಪಾತ್ರವನ್ನೂ, 1925ರಲ್ಲಿ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ ಚಿತ್ರದ ಮುಖ್ಯ ಪಾತ್ರವನ್ನೂ ಅವನಿಗೆ ಕೊಟ್ಟಿತು. ಈ ವೇಷಗಳನ್ನೆಲ್ಲ ಅವನು ತನ್ನ ಕೈಯಿಂದಲೇ ಮಾಡಿಕೊಳ್ಳುತ್ತಿದ್ದ. ಶಾಲೆ ಬಿಟ್ಟಿದ್ದ ಈ ಹುಡುಗ ಮುಂದೆ ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾಗೆ ಪ್ರಸಾಧನ ಕಲೆಯ ಬಗ್ಗೆ ಲೇಖನ ಬರೆದುಕೊಟ್ಟ.

ಅವನ ಪಾತ್ರಗಳು ನೋಡಲು ಭಯಂಕರ. ಆದರೆ ಕೊನೆಗೆ ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸುತ್ತಿದ್ದವು. ಕುರೂಪದ ಒಳಗೂ ಪ್ರೀತಿಗೆ ಹಂಬಲಿಸುವ ಮನಸ್ಸಿದೆ ಎಂಬುದನ್ನು ಅವನು ಮರೆಯಲಿಲ್ಲ. ಜನ ಕನಿಕರದಿಂದಲೋ ತಾತ್ಸಾರದಿಂದಲೋ ನೋಡುವವರ ನಡುವೆಯೇ ಬೆಳೆದವನಲ್ಲವೇ!

ವಾಕ್ಚಿತ್ರಗಳು ಬಂದಾಗ ಚೇನಿ ಬಹಳ ದಿನ ಹಿಂಜರಿದ. ಕೊನೆಗೆ 1930ರಲ್ಲಿ ‘ದಿ ಅನ್‌ಹೋಲಿ ತ್ರೀ’ ಚಿತ್ರದಲ್ಲಿ ಮಾತನಾಡಿದ. ಒಂದಲ್ಲ, ಐದು ಬಗೆಯ ಧ್ವನಿಗಳಲ್ಲಿ! ಅವೆಲ್ಲವೂ ತನ್ನವೇ ಎಂದು ಪ್ರಮಾಣಪತ್ರಕ್ಕೆ ಸಹಿಯನ್ನೂ ಹಾಕಿದ. ಆದರೆ ಅದೇ ಅವನ ಕೊನೆಯ ಚಿತ್ರವಾಯಿತು. ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಳಲಿ, ಗಂಟಲಿನ ರಕ್ತಸ್ರಾವದಿಂದ 1930ರ ಆಗಸ್ಟ್ 26ರಂದು ತೀರಿಕೊಂಡ. ವಯಸ್ಸು 47. ಕೊನೆಯ ದಿನಗಳಲ್ಲಿ ಮಾತು ನಿಂತುಹೋಗಿ, ಬಾಲ್ಯದಲ್ಲಿ ಕಲಿತ ಸನ್ನೆಗಳನ್ನೇ ಆಶ್ರಯಿಸಿದನಂತೆ.

ಅವನು ನಟಿಸಿದ ನೂರೈವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಉಳಿದವನ್ನು ನೋಡಲು ಇಂಗ್ಲಿಷ್ ಬರಬೇಕಾಗಿಲ್ಲ. ಮನೆಯ ಕಷ್ಟದಿಂದ ಶಾಲೆ ತಪ್ಪಿದ ಮಗುವಿನಲ್ಲಿಯೂ ಎಂಥ ಪ್ರತಿಭೆ ಇರಬಹುದು ಎಂಬುದನ್ನು ಶಿಕ್ಷಕರಾದ ನಾವು ಇವನ ಬದುಕಿನಿಂದ ನೆನಪಿಟ್ಟುಕೊಳ್ಳಬೇಕು.