ಬಂದೂಕು ಕೆಳಗಿಟ್ಟವರ ಕೆಂಪು ಪುಸ್ತಕ

1912ರ ಮಾರ್ಚ್ ತಿಂಗಳಲ್ಲಿ ಅಂಟಾರ್ಕ್ಟಿಕದ ಹಿಮಗಾಳಿಯ ನಡುವೆ, ಪುಟ್ಟ ಡೇರೆಯೊಳಗೆ ಸಾವನ್ನು ಎದುರು ನೋಡುತ್ತಿದ್ದ ಕ್ಯಾಪ್ಟನ್ ರಾಬರ್ಟ್ ಸ್ಕಾಟ್ ತನ್ನ ಮಡದಿಗೆ ಕೊನೆಯ ಪತ್ರ ಬರೆದರು. ಸಾಧ್ಯವಾದರೆ ಮಗನಲ್ಲಿ ನಿಸರ್ಗದ ಬಗ್ಗೆ ಆಸಕ್ತಿ ಮೂಡಿಸಬೇಕೆಂಬ ಕೋರಿಕೆ ಅದರಲ್ಲಿತ್ತು. ದಕ್ಷಿಣ ಧ್ರುವ ತಲುಪಿಯೂ ಮರಳಿ ಬಾರದ ಆ ಸಾಹಸಿಯ ಕತೆಯನ್ನು ಶಾಲಾ ಪಠ್ಯಗಳಲ್ಲಿ ಓದಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆಗ ಮೂರು ವರ್ಷವೂ ತುಂಬದಿದ್ದ ಆ ಮಗು ಮುಂದೆ ಏನಾಯಿತು ಎಂಬುದು ನಮಗೆ ಅಷ್ಟಾಗಿ ತಿಳಿದಿಲ್ಲ. ಇಂದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಹಿನ್ನೆಲೆಯನ್ನು ಹುಡುಕುತ್ತ ಹೊರಟವರು ಆ ಮಗನ ಬಾಗಿಲಿಗೇ ಬಂದು ನಿಲ್ಲಬೇಕಾಗುತ್ತದೆ.

ಪೀಟರ್ ಸ್ಕಾಟ್ ಹುಟ್ಟಿದ್ದು 1909ರ ಸೆಪ್ಟೆಂಬರ್ 14ರಂದು, ಲಂಡನ್ನಿನಲ್ಲಿ. ತಾಯಿ ಕ್ಯಾಥ್ಲೀನ್ ಹೆಸರಾಂತ ಶಿಲ್ಪಿ. ಪೀಟರ್ ಪ್ಯಾನ್ ಪಾತ್ರವನ್ನು ಸೃಷ್ಟಿಸಿದ ಜೆ.ಎಂ. ಬ್ಯಾರಿ ಮಗುವಿನ ಧರ್ಮಪಿತ. ಗಂಡನ ಕೊನೆಯ ಕೋರಿಕೆಯನ್ನು ತಾಯಿ ನಿಷ್ಠೆಯಿಂದ ನಡೆಸಿಕೊಟ್ಟರು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿದ ಪೀಟರ್ ಮೊದಲು ಜೀವವಿಜ್ಞಾನವನ್ನೂ ಆಮೇಲೆ ಕಲೆಯ ಇತಿಹಾಸವನ್ನೂ ಓದಿದರು; ಚಿತ್ರಕಲೆಯ ತರಬೇತಿಗಾಗಿ ಮ್ಯೂನಿಕ್‌ಗೂ ಹೋಗಿ ಬಂದರು. ನಸುಕಿನಲ್ಲಿ ಜೌಗುನೆಲದ ಮೇಲೆ ಸಾಲುಗಟ್ಟಿ ಹಾರುವ ಹೆಬ್ಬಾತುಗಳ ಅವರ ಚಿತ್ರಗಳು ಇಂಗ್ಲೆಂಡಿನ ಮನೆಮನೆಯ ಗೋಡೆಗೇರಿದವು.

ಆದರೆ ಆ ಹಕ್ಕಿಗಳನ್ನು ಅವರು ಮೊದಲು ಹತ್ತಿರದಿಂದ ಕಂಡದ್ದು ಕೋವಿಯ ನಳಿಗೆಯ ಮೇಲಿಂದ ಎಂಬುದನ್ನು ಮರೆಯುವಂತಿಲ್ಲ. ವಿದ್ಯಾರ್ಥಿ ದೆಸೆಯಲ್ಲಿ ಅವರು ಪಳಗಿದ ಬೇಟೆಗಾರ. ಗುಂಡೇಟಿನಿಂದ ಕಾಲು ಮುರಿದ ಹೆಬ್ಬಾತೊಂದು ಮನುಷ್ಯರು ಕಾಲಿಡಲಾಗದ ಕೆಸರಿನ ನಡುವೆ ಬಿದ್ದು ನರಳುತ್ತಿದ್ದುದನ್ನು ಕಂಡ ಘಟನೆ ಅವರ ಮನಸ್ಸನ್ನು ಕಲಕಿತು. ಅವರ ಪರಿವರ್ತನೆ ಒಂದೇ ದಿನದಲ್ಲಿ ಆದದ್ದಲ್ಲ. ಆ ಬಳಿಕವೂ ಹಲವು ವರ್ಷ ಬೇಟೆ ನಡೆದಿತ್ತು. ಆದರೂ ಕೊಲ್ಲುವ ಸುಖಕ್ಕಿಂತ ನೋಡುವ ಸುಖ ದೊಡ್ಡದೆಂಬ ಅರಿವು ನಿಧಾನವಾಗಿ ಬಲಿಯಿತು, ಕೊನೆಗೆ ಬಂದೂಕು ಕೈಬಿಟ್ಟಿತು.

ಬಹುಮುಖ ಪ್ರತಿಭೆ ಎಂಬ ಮಾತು ಸವೆದುಹೋಗಿದೆಯಾದರೂ ಪೀಟರ್ ಸ್ಕಾಟ್ ವಿಷಯದಲ್ಲಿ ಅದನ್ನು ಬಳಸದೆ ವಿಧಿಯಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಯಲ್ಲಿ ಅವರು ಕಂಚಿನ ಪದಕ ಗೆದ್ದರು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಅಧಿಕಾರಿಯಾಗಿ ಹೋರಾಡಿ ಶೌರ್ಯಪದಕ ಪಡೆದರು. 1945ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಸ್ಪರ್ಧಿಸಿ ಸೋತರು. 1963ರಲ್ಲಿ ಗ್ಲೈಡರ್ ಹಾರಾಟದಲ್ಲಿ ಬ್ರಿಟನ್ನಿನ ಚಾಂಪಿಯನ್ ಆದರು. ಬಿಬಿಸಿ ದೂರದರ್ಶನದಲ್ಲಿ ವರ್ಷಗಟ್ಟಲೆ ವನ್ಯಜೀವಿ ಕಾರ್ಯಕ್ರಮ ನಡೆಸಿಕೊಟ್ಟರು. ಆ ಚುನಾವಣೆಯ ಸೋಲು ಹಕ್ಕಿಗಳ ಪಾಲಿನ ಗೆಲುವಾಯಿತೆಂದರೆ ಅತಿಶಯೋಕ್ತಿಯಲ್ಲ. ಏಕೆಂದರೆ ಮರುವರ್ಷವೇ, 1946ರಲ್ಲಿ, ಸೆವರ್ನ್ ನದಿಯ ದಡದ ಸ್ಲಿಂಬ್ರಿಜ್ ಎಂಬಲ್ಲಿ ಅವರು ನೀರುಹಕ್ಕಿಗಳ ಅಧ್ಯಯನ ಹಾಗೂ ಸಂರಕ್ಷಣೆಗಾಗಿ ಟ್ರಸ್ಟ್ ಒಂದನ್ನು ಸ್ಥಾಪಿಸಿದರು.

ಸ್ಲಿಂಬ್ರಿಜ್‌ಗೆ ಜಾಗತಿಕ ಕೀರ್ತಿ ತಂದದ್ದು ಹವಾಯಿ ದ್ವೀಪಗಳ ನೇನೆ ಎಂಬ ಹೆಬ್ಬಾತು. ಬೇಟೆ ಹಾಗೂ ಹೊರಗಿನಿಂದ ಬಂದ ಪರಭಕ್ಷಕ ಪ್ರಾಣಿಗಳ ಹಾವಳಿಯಿಂದ 1950ರ ಸುಮಾರಿಗೆ ಈ ಹಕ್ಕಿಗಳ ಸಂಖ್ಯೆ ಮೂವತ್ತರ ಆಸುಪಾಸಿಗೆ ಇಳಿದಿತ್ತು. ಸ್ಕಾಟ್ ಅಲ್ಲಿಂದ ಒಂದು ಜೋಡಿಯನ್ನು ತರಿಸಿದರು. ಜೋಡಿಯೆಂದು ನಂಬಿದ್ದ ಎರಡೂ ಹಕ್ಕಿಗಳು ಮೊಟ್ಟೆಯಿಟ್ಟಾಗಲೇ ಎರಡೂ ಹೆಣ್ಣೆಂಬುದು ಗೊತ್ತಾದದ್ದು! ತುರ್ತಾಗಿ ಗಂಡು ಹಕ್ಕಿಯನ್ನು ತರಿಸಲಾಯಿತು. ಆ ಪುಟ್ಟ ಕುಟುಂಬ ಬೆಳೆಯಿತು. 1962ರಿಂದ ಅದರ ಮರಿಗಳನ್ನು ಮತ್ತೆ ಹವಾಯಿಗೆ ಕಳುಹಿಸಿ ಕಾಡಿಗೆ ಬಿಡಲಾಯಿತು. 2019ರಲ್ಲಿ ಅಮೆರಿಕ ಸರ್ಕಾರ ನೇನೆಯನ್ನು ಹೆಚ್ಚು ಗಂಭೀರ ಅಪಾಯದ ವರ್ಗದಿಂದ ಒಂದು ಮೆಟ್ಟಿಲು ಕೆಳಗಿಳಿಸಿತು.

ಸ್ಲಿಂಬ್ರಿಜ್‌ನ ಮತ್ತೊಂದು ಪಾಠ ಇನ್ನೂ ಸೂಕ್ಷ್ಮವಾದದ್ದು. ಪ್ರತಿ ಚಳಿಗಾಲದಲ್ಲಿ ರಷ್ಯದ ಉತ್ತರ ತುದಿಯಿಂದ ಬರುವ ಬ್ಯೂವಿಕ್ ಹಂಸಗಳ ಕೊಕ್ಕಿನ ಮೇಲಿನ ಕಪ್ಪು ಹಳದಿ ಗುರುತುಗಳು ಒಂದರಂತೆ ಇನ್ನೊಂದಿಲ್ಲ ಎಂಬುದನ್ನು ಸ್ಕಾಟ್ 1964ರಲ್ಲಿ ಗಮನಿಸಿದರು. ಒಂದೊಂದು ಹಂಸದ ಮುಖಚಿತ್ರ ಬರೆದು, ಒಂದೊಂದಕ್ಕೂ ಹೆಸರಿಟ್ಟರು. ಹೆಸರಿಟ್ಟು, ಎಣಿಸಿ, ದಾಖಲಿಸುವ ಈ ಅಭ್ಯಾಸವೇ ಅವರ ಮುಂದಿನ ದೊಡ್ಡ ಕೆಲಸದ ಬುನಾದಿಯಾಯಿತೆಂದು ತೋರುತ್ತದೆ.

1961ರಲ್ಲಿ ವಿಶ್ವ ವನ್ಯಜೀವಿ ನಿಧಿ ಹುಟ್ಟಿದಾಗ ಅದರ ಸ್ಥಾಪಕರ ಪೈಕಿ ಸ್ಕಾಟ್ ಪ್ರಮುಖರು. ಇಂದಿಗೂ ಜಗತ್ತು ಗುರುತಿಸುವ ಪಾಂಡಾ ಲಾಂಛನಕ್ಕೆ ರೂಪ ಕೊಟ್ಟವರೂ ಅವರೇ. ಇಲ್ಲೊಂದು ವಿಪರ್ಯಾಸವನ್ನು ಹೇಳಲೇಬೇಕು. ಬ್ರಿಟನ್ನಿನಲ್ಲಿ ಆ ನಿಧಿಯ ಅಧ್ಯಕ್ಷರಾದ ರಾಜಕುಮಾರ ಫಿಲಿಪ್ ಅದೇ ವರ್ಷದ ಆರಂಭದಲ್ಲಿ ನಮ್ಮ ರಾಜಸ್ಥಾನದಲ್ಲಿ ಹುಲಿಯ ಬೇಟೆಯಾಡಿದ್ದರು. ಶತಮಾನ ಕಾಲ ವಸಾಹತುಗಳ ಕಾಡನ್ನು ಬರಿದು ಮಾಡಿದವರೇ ಈಗ ಸಂರಕ್ಷಣೆಯ ಉಪದೇಶಕ್ಕೆ ನಿಂತಿದ್ದಾರೆಂಬ ಟೀಕೆಯಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಸ್ಕಾಟ್ ಉಪದೇಶಕ್ಕೆ ನಿಲ್ಲಲಿಲ್ಲ; ಪಟ್ಟಿ ಮಾಡಲು ಕುಳಿತರು.

1963ರಿಂದ 1980ರವರೆಗೆ ಅವರು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಜೀವಿ ಉಳಿವು ಆಯೋಗದ ಅಧ್ಯಕ್ಷರಾಗಿದ್ದರು. ಅಳಿವಿನಂಚಿನ ಜೀವಿಗಳ ಕೆಂಪು ದತ್ತಾಂಶ ಪುಸ್ತಕ ಅವರ ಕಲ್ಪನೆಯ ಕೂಸು. 1966ರಿಂದ ಹೊರಬಂದ ಅದರ ಮೊದಲ ಸಂಪುಟಗಳು ಬಿಡಿಹಾಳೆಗಳ ಕಡತದ ರೂಪದಲ್ಲಿದ್ದವು. ಸ್ಥಿತಿ ಬದಲಾದಂತೆ ಹಳೆಯ ಹಾಳೆ ತೆಗೆದು ಹೊಸದನ್ನು ಸೇರಿಸಬಹುದಿತ್ತು. ಚೇತರಿಸಿಕೊಂಡ ಜೀವಿಗೆ ಹಸಿರು ಹಾಳೆ ಮೀಸಲಿತ್ತು. ಸರ್ಕಾರಿ ಕಚೇರಿಗಳಲ್ಲಿ ಜೀವಮಾನ ಕಳೆದ ನನ್ನಂಥವರಿಗೆ ಈ ವ್ಯವಸ್ಥೆಯ ಬೆಲೆ ಥಟ್ಟನೆ ಅರ್ಥವಾಗುತ್ತದೆ. ಕಡತವಿಲ್ಲದ ಕಾಳಜಿ ಸಭೆ ಮುಗಿದೊಡನೆ ಕರಗಿಹೋಗುತ್ತದೆ.

ಪಟ್ಟಿಯ ಅಗತ್ಯ ಬೇರೊಂದು ಕಾರಣಕ್ಕೂ ತೀವ್ರವಾಗಿತ್ತು. ಅರವತ್ತರ ದಶಕದಲ್ಲಿ ಚಿರತೆ ಚರ್ಮದ ಕೋಟು ಸಿರಿವಂತ ದೇಶಗಳ ಫ್ಯಾಷನ್ ಆಗಿತ್ತು. ಆಫ್ರಿಕದ ಒಂದು ದೇಶ ರಫ್ತು ನಿಷೇಧಿಸಿದರೆ ಸರಕು ಪಕ್ಕದ ದೇಶದ ಬಂದರಿನಿಂದ ಸಾಗುತ್ತಿತ್ತು. ಒಂದೇ ದೇಶದ ಕಾನೂನು ಸೋರುವ ಕೊಡದಂತೆ. ಹಾಗಾಗಿ 1963ರಲ್ಲಿ ನೈರೋಬಿಯಲ್ಲಿ ಸೇರಿದ ಒಕ್ಕೂಟದ ಮಹಾಸಭೆ ಅಂತರರಾಷ್ಟ್ರೀಯ ಒಪ್ಪಂದವೊಂದಕ್ಕೆ ಕರೆ ನೀಡಿತು. ಕರಡು ಬರೆದವರು ಒಕ್ಕೂಟದ ಕಾನೂನು ಪಂಡಿತರು. ಯಾವ ಜೀವಿಯನ್ನು ಕಾಯಬೇಕೆಂಬ ಅರಿವಿಗೆ ಆಧಾರ ಒದಗಿಸಿದ್ದು ಸ್ಕಾಟ್ ಆಯೋಗದ ಕೆಲಸ. ಹತ್ತು ವರ್ಷಗಳ ಚೌಕಾಶಿಯ ಬಳಿಕ 1973ರ ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ 80 ದೇಶಗಳ ಪ್ರತಿನಿಧಿಗಳು ಒಪ್ಪಿದ ಆ ಪಠ್ಯವೇ ಇಂದು ಸೈಟಿಸ್ ಎಂಬ ಹ್ರಸ್ವನಾಮದಿಂದ ಪ್ರಸಿದ್ಧ. ಅದೇ ವರ್ಷ ಸ್ಕಾಟ್‌ಗೆ ಸರ್ ಪದವಿ ದೊರೆಯಿತು. 1975ರ ಜುಲೈ 1ರಂದು ಒಪ್ಪಂದ ಜಾರಿಗೆ ಬಂತು.

ಅದರ ರಚನೆ ಸರಳ. ಅಳಿವಿನ ಅಂಚಿನಲ್ಲಿರುವ ಜೀವಿಗಳು ಒಂದನೆಯ ಅನುಬಂಧದಲ್ಲಿವೆ; ಕಾಡಿನಿಂದ ಬಂದ ಇವುಗಳ ವಾಣಿಜ್ಯ ವ್ಯಾಪಾರ ನಿಷಿದ್ಧ. ಎರಡನೆಯದರಲ್ಲಿರುವ ಜೀವಿಗಳನ್ನು ಮಾರಬಹುದು, ಆದರೆ ಆ ವ್ಯಾಪಾರ ಕಾಡಿನಲ್ಲಿ ಅವುಗಳ ಉಳಿವಿಗೆ ಧಕ್ಕೆ ತರದೆಂದು ರಫ್ತು ಮಾಡುವ ದೇಶದ ವೈಜ್ಞಾನಿಕ ಪ್ರಾಧಿಕಾರ ಖಚಿತಪಡಿಸಬೇಕು, ಆಮೇಲೆ ಪರವಾನಗಿ. ಒಂದು ದೇಶ ತನ್ನ ಜೀವಿಯನ್ನು ಕಾಯಲು ಇತರರ ನೆರವು ಕೋರುವುದಾದರೆ ಮೂರನೆಯ ಅನುಬಂಧವಿದೆ. ಇಂದು 180ಕ್ಕೂ ಹೆಚ್ಚು ದೇಶಗಳು ಸದಸ್ಯರಾಗಿದ್ದು, 40,000ಕ್ಕೂ ಹೆಚ್ಚು ಜೀವಿಪ್ರಭೇದಗಳು ಪಟ್ಟಿಯಲ್ಲಿವೆ. ಇವುಗಳಲ್ಲಿ ಬಹುಪಾಲು ಪ್ರಾಣಿಗಳಲ್ಲ, ಸಸ್ಯಗಳು, ಅದರಲ್ಲೂ ಆರ್ಕಿಡ್‌ಗಳು.

ಭಾರತಕ್ಕೂ ಈ ಕತೆಗೂ ನಂಟು ಹಳೆಯದು. ಒಕ್ಕೂಟದ 1969ರ ಮಹಾಸಭೆ ನಡೆದದ್ದು ದೆಹಲಿಯಲ್ಲಿ. ಹುಲಿಯ ದುಃಸ್ಥಿತಿ ಜಗತ್ತಿನ ಗಮನಕ್ಕೆ ಬಂದದ್ದು ಅಲ್ಲಿಯೇ. 1970ರಲ್ಲಿ ಹುಲಿ ಬೇಟೆಗೆ ನಿಷೇಧ, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರಲ್ಲಿ ಹುಲಿ ಯೋಜನೆ ಬಂದವು. ಆರಂಭದ ಒಂಬತ್ತು ಹುಲಿಧಾಮಗಳಲ್ಲಿ ನಮ್ಮ ಬಂಡೀಪುರವೂ ಒಂದು. ಸ್ಕಾಟ್ ಕಟ್ಟಿದ ನಿಧಿ ಆ ಯೋಜನೆಗೆ ಹತ್ತು ಲಕ್ಷ ಡಾಲರ್ ನೆರವಿನ ಭರವಸೆ ನೀಡಿತ್ತು. 1976ರಲ್ಲಿ ಭಾರತ ಸೈಟಿಸ್‌ನ ಸದಸ್ಯವಾಯಿತು. 1981ರ ಸಮಾವೇಶಕ್ಕೆ ಆತಿಥ್ಯವನ್ನೂ ನೀಡಿತು. ಆದರೂ ಒಪ್ಪಂದದ ಪಟ್ಟಿಗಳಿಗೆ ನಮ್ಮ ಕಾಯ್ದೆಯಲ್ಲೇ ಪ್ರತ್ಯೇಕ ಅನುಸೂಚಿ ದೊರೆಯಲು 2022ರ ತಿದ್ದುಪಡಿಯವರೆಗೆ ಕಾಯಬೇಕಾಯಿತು ಎಂಬುದು ನಮ್ಮ ಆಡಳಿತದ ವೇಗಕ್ಕೆ ಸಾಕ್ಷಿ.

ಸ್ಕಾಟ್‌ರ ಬದುಕಿನಲ್ಲಿ ನಗೆಪಾಟಲಿನ ಪ್ರಸಂಗವೂ ಉಂಟು. 1975ರಲ್ಲಿ ಅವರು ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ದೈತ್ಯಪ್ರಾಣಿಗೆ ಲ್ಯಾಟಿನ್ ಹೆಸರಿಟ್ಟರು. ಹೆಸರಿಲ್ಲದ ಜೀವಿಗೆ ಕಾನೂನಿನ ರಕ್ಷಣೆ ಇಲ್ಲವೆಂಬುದು ಅವರ ತರ್ಕ. ಆ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿದರೆ ಅದು ಸರ್ ಪೀಟರ್ ಎಸ್. ಅವರ ದೈತ್ಯಪ್ರಾಣಿಯ ಹುಸಿಸುದ್ದಿ ಎಂಬರ್ಥದ ಇಂಗ್ಲಿಷ್ ಪದಗಳಾಗುತ್ತವೆಂದು ಸಂಸತ್ ಸದಸ್ಯರೊಬ್ಬರು ಕಂಡುಹಿಡಿದರು. ಊರೆಲ್ಲ ನಕ್ಕಿತು. ಪ್ರಾಣಿ ಇಲ್ಲದಿರಬಹುದು, ಆದರೆ ತರ್ಕ ನಿಜವೇ ಆಗಿತ್ತು. ಪಟ್ಟಿಯಲ್ಲಿ ಹೆಸರಿಲ್ಲದ್ದನ್ನು ಸುಂಕದ ಕಟ್ಟೆಯ ಅಧಿಕಾರಿ ತಡೆಯಲಾರ.

ಸ್ಕಾಟ್ ತೀರಿಕೊಂಡದ್ದು 1989ರ ಆಗಸ್ಟ್ 29ರಂದು, ಎಂಬತ್ತು ತುಂಬಲು ಎರಡೇ ವಾರ ಬಾಕಿಯಿದ್ದಾಗ. ಆ ಹೊತ್ತಿಗೆ ಆಫ್ರಿಕದ ಆನೆಗಳ ಸಂಖ್ಯೆ ಹತ್ತೇ ವರ್ಷಗಳಲ್ಲಿ ಅಂದಾಜು 13 ಲಕ್ಷದಿಂದ 6 ಲಕ್ಷಕ್ಕೆ ಕುಸಿದಿತ್ತು. ಪರವಾನಗಿ ಇಟ್ಟುಕೊಂಡು ದಂತ ಮಾರುವ ಎರಡನೆಯ ಅನುಬಂಧದ ವ್ಯವಸ್ಥೆ ಕಳ್ಳದಂತಕ್ಕೆ ಮುಸುಕಾಗಿತ್ತು. ಅವರು ಕಣ್ಮುಚ್ಚಿದ ಎರಡು ತಿಂಗಳೊಳಗೆ, ಅಕ್ಟೋಬರ್‌ನಲ್ಲಿ, ಲೌಸಾನ್ ಸಮಾವೇಶ ಆಫ್ರಿಕದ ಆನೆಯನ್ನು ಒಂದನೆಯ ಅನುಬಂಧಕ್ಕೆ ಏರಿಸಿತು.

ಅಲ್ಲಿಗೆ ವಾದ ಮುಗಿಯಲಿಲ್ಲ. ಪೂರೈಕೆ ನಿಂತು ಬೇಡಿಕೆ ಉಳಿದರೆ ಬೆಲೆ ಏರುತ್ತದೆ, ಏರಿದ ಬೆಲೆ ಕಳ್ಳಬೇಟೆಗಾರನನ್ನು ಕರೆಯುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಇದೇ ವಾದದ ಬಲದ ಮೇಲೆ ದಕ್ಷಿಣ ಆಫ್ರಿಕ ಭಾಗದ ದೇಶಗಳ ದಾಸ್ತಾನನ್ನು 1999ರಲ್ಲಿ ಜಪಾನಿಗೆ, 2008ರಲ್ಲಿ ಜಪಾನ್ ಮತ್ತು ಚೀನಾಕ್ಕೆ ಮಾರಲು ಅನುಮತಿ ನೀಡಲಾಯಿತು. ಆದರೆ ಎರಡನೆಯ ಮಾರಾಟದ ಬಳಿಕ ಕಳ್ಳಬೇಟೆ ಮತ್ತೆ ಭುಗಿಲೆದ್ದಿತು. ಮಾರಾಟವೇ ಅದಕ್ಕೆ ಕಾರಣವೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಆದರೆ ಅಧಿಕೃತ ದಂತ ಅಂಗಡಿಯಲ್ಲಿದ್ದಾಗ ಕಳ್ಳದಂತವನ್ನು ಬೇರ್ಪಡಿಸುವುದು ಕಷ್ಟವೆಂಬುದು ನಿರ್ವಿವಾದ. 2017ರ ಕೊನೆಗೆ ಚೀನಾ ತನ್ನ ದೇಶದೊಳಗಿನ ದಂತ ಮಾರುಕಟ್ಟೆಯನ್ನೇ ಮುಚ್ಚಿತು. ಬೇಡಿಕೆಯನ್ನು ಮುಟ್ಟದ ನಿಷೇಧ ಅರೆಬರೆ ಎಂಬುದಷ್ಟೇ ಆ ಮೊದಲ ಪಾಠದ ಸಾರ, ನಿಷೇಧವೇ ಬೇಡವೆಂದಲ್ಲ.

ನಿಯಮಗಳಿಗೆ ಇನ್ನೊಂದು ಮುಖವೂ ಇದೆ. 2016ರ ಜೋಹಾನ್ಸ್‌ಬರ್ಗ್ ಸಮಾವೇಶದಲ್ಲಿ ಬೀಟೆ, ಶೀಶಮ್ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳು ಎರಡನೆಯ ಅನುಬಂಧಕ್ಕೆ ಬಂದವು. ಬೇರೆ ಖಂಡಗಳ ಕಾಡುಗಳಲ್ಲಿ ನಡೆದ ಲೂಟಿಗೆ ತಡೆಯೊಡ್ಡಲು ಅದು ಬೇಕಿತ್ತು. ಆದರೆ ಬೀಟೆಯ ಹಲಗೆಯಲ್ಲಿ ಚಿತ್ತಾರ ಕೂಡಿಸುವ ಮೈಸೂರಿನ ಕುಶಲಕರ್ಮಿಗೂ, ಉತ್ತರ ಭಾರತದ ಶೀಶಮ್ ಕೆಲಸಗಾರನಿಗೂ ಅದೇ ಕಾಗದಪತ್ರದ ಹೊರೆ ಬಿತ್ತು. ಸಣ್ಣ ಸಿದ್ಧವಸ್ತುಗಳಿಗೆ 2019ರಲ್ಲಿ ಹತ್ತು ಕಿಲೋ ಮಿತಿಯ ವಿನಾಯಿತಿ ಬಂತು. 2022ರ ಪನಾಮಾ ಸಮಾವೇಶದಲ್ಲಿ ಭಾರತದ ಒತ್ತಾಯದಿಂದ ಶೀಶಮ್ ವಸ್ತುಗಳ ತೂಕದ ಲೆಕ್ಕ ಇನ್ನಷ್ಟು ಸಡಿಲವಾಯಿತು. ಲೂಟಿಕೋರನನ್ನೂ ಕುಶಲಕರ್ಮಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮ ಬಹುಕಾಲ ಜನಮನ್ನಣೆ ಉಳಿಸಿಕೊಳ್ಳಲಾರದು.

ಹಾಳೆ ಬದಲಿಸಬಲ್ಲ ಕಡತವೊಂದನ್ನು ಸ್ಕಾಟ್ ರೂಪಿಸಿದ್ದು ಇಂಥ ತಿದ್ದುಪಡಿಗಳಿಗೆ ಜಾಗವಿರಲೆಂದೇ. ಆ ವ್ಯವಸ್ಥೆಗೆ ಜೀವ ಬರುವುದು ಅದನ್ನು ನಡೆಸುವವರಿಂದ. ನಕ್ಷತ್ರ ಆಮೆಗಳನ್ನು ತುಂಬಿದ ಪೆಟ್ಟಿಗೆ ವಿಮಾನ ನಿಲ್ದಾಣದಲ್ಲಿ, ರಕ್ತಚಂದನದ ತುಂಡುಗಳು ಬಂದರಿನಲ್ಲಿ ಇಂದಿಗೂ ಸಿಕ್ಕಿಬೀಳುತ್ತಿವೆ. ಗುರುತಿಸಲು ತರಬೇತಿಯಿಲ್ಲದ ಸಿಬ್ಬಂದಿ, ಖಾಲಿ ಹುದ್ದೆಗಳು, ವರ್ಷಗಟ್ಟಲೆ ಎಳೆಯುವ ಮೊಕದ್ದಮೆಗಳು ಇರುವವರೆಗೆ ಸಿಕ್ಕಿಬೀಳದೆ ಹೋಗುವ ಸರಕಿಗೆ ಕೊರತೆಯಿರದು. ಪಟ್ಟಿ ಎಷ್ಟೇ ಉದ್ದವಿರಲಿ, ಅದನ್ನು ಓದಿ ಪೆಟ್ಟಿಗೆ ತೆರೆಯುವ ಒಬ್ಬ ಅಧಿಕಾರಿ ಆ ರಾತ್ರಿ ಕೆಲಸದ ಮೇಲಿರಬೇಕು. ಅಷ್ಟನ್ನು ಒದಗಿಸುವುದು ನಮ್ಮ ಸರ್ಕಾರಗಳ ಹೊಣೆ.